ದಿನಕ್ಕೊಂದು ಕಾಣೆಯಾಗುತ್ತಿದ್ದ ಹೆಸರಿನ ಚೀಟಿ

ಕೊರೊನಾ ಕಳೆದು ಅಂಗನವಾಡಿಗಳು ಮತ್ತೆ ಬಾಗಿಲು ತೆರೆದ ವರ್ಷ. ನಾನಾಗ ಪುತ್ತೂರು ಕಡೆಯ ಆಲಂಕಾರಿನಿಂದ ಒಳಗಿನ ಒಂದು ಊರಿನಲ್ಲಿ ಅಂಗನವಾಡಿ ಟೀಚರ್. ಹದಿನೆಂಟು ಮಕ್ಕಳು, ಮನೆಮಾತು ತುಳು, ಅರೆಭಾಷೆ, ಬ್ಯಾರಿ, ಮಲಯಾಳ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಬೇಕಾದಷ್ಟು ರಂಪಾಟ ಕಂಡವಳು ನಾನು. ಆದರೆ ನಾಲ್ಕು ವರ್ಷದ ಒಬ್ಬ ಹುಡುಗಿ ಆ ಜೂನ್ ತಿಂಗಳಲ್ಲಿ ನನ್ನ ತಲೆ ತಿಂದಷ್ಟು ಯಾರೂ ತಿಂದಿರಲಿಲ್ಲ.

ಬೆಳಿಗ್ಗೆ ನಮ್ಮಲ್ಲಿ ಸ್ವಾಗತದ ಹಾಡು. ಅಕ್ಷರ ಕಲಿಯುವ ಮೊದಲೇ ಮಗು ತನ್ನ ಹೆಸರಿನ ರೂಪವನ್ನು ಗುರುತಿಸಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹಳೆ ಕ್ಯಾಲೆಂಡರಿನ ರಟ್ಟಿನಲ್ಲಿ ಹೆಸರುಗಳನ್ನು ದಪ್ಪಕ್ಕೆ ಬರೆದು ಚಾಪೆಯ ಮೇಲೆ ಹರಡುತ್ತಿದ್ದೆ. “ಬಂದರು ಬಂದರು, ಯಾರು ಬಂದರು?” ಎಂದು ಹಾಡಿ ಹೆಸರು ಕರೆದಾಗ, ಆ ಮಗು ಎದ್ದು ತನ್ನ ಚೀಟಿ ಹುಡುಕಿ ಗೋಡೆಯ ದಾರಕ್ಕೆ ಸಿಕ್ಕಿಸಬೇಕು. ಎರಡು ವಾರದಲ್ಲಿ ಹದಿನೇಳು ಮಕ್ಕಳಿಗೆ ಇದು ರೂಢಿಯಾಯಿತು.

ಏಲಿಯಮ್ಮನಿಗೆ ಮಾತ್ರ ಆಗಲಿಲ್ಲ. ಕೇರಳದಿಂದ ಬಂದು ನೆಲೆಸಿದ ರಬ್ಬರ್ ಕೃಷಿಕರ ಮನೆಯ ಮಗು. ಬೇರೆ ಹೊತ್ತಿನಲ್ಲಿ ಹೆಸರು ಕರೆದರೆ ತಿರುಗಿಯೂ ನೋಡುವುದಿಲ್ಲ. ಹಾಡಿನಲ್ಲಿ ಅವಳ ಹೆಸರು ಬಂತೆಂದರೆ ಒಂದು ಚೀಟಿ ಎತ್ತಿಕೊಂಡು ಅಂಗಳ ದಾಟಿ ರಸ್ತೆಗೆ ಓಟ! ಅಲ್ಲಿ ಅವಳ ಅಜ್ಜಿ, ಅಂದರೆ ಅಮ್ಮಚ್ಚಿ, ಸರ್ವಿಸ್ ಜೀಪಿಗೆ ಕಾದು ಕೂತಿರುತ್ತಿದ್ದರು. ಜನ ತುಂಬದೆ ಜೀಪು ಹೊರಡುವುದಿಲ್ಲ, ಅಮ್ಮಚ್ಚಿ ಅಲ್ಲಿಂದ ಏಳುವುದಿಲ್ಲ. ಸಹಾಯಕಿ ಹಿಂದೆ ಓಡಿ ಮಗುವನ್ನು ಎತ್ತಿಕೊಂಡು ಬರುವಷ್ಟರಲ್ಲಿ ಚೀಟಿ ಮಾಯ. ಎಲ್ಲೋ ಚರಂಡಿಗೆ ಎಸೆದಳೆಂದು ಬೈದುಕೊಂಡು ಇನ್ನೊಂದು ಬರೆಯುತ್ತಿದ್ದೆ. ಹೀಗೆ ಒಂಬತ್ತು ಬರೆದೆ.

ಹೆಸರು ಕರೆದರೆ ಯಾಕೆ ತಿರುಗುವುದಿಲ್ಲ ಎಂದು ಅಮ್ಮಚ್ಚಿಯನ್ನು ಕೇಳಿದ್ದೂ ಆಯಿತು. “ಮನೆಯಲ್ಲಿ ಕರೆದ್ರೆ ಓಡಿ ಬರ್ತಾಳಲ್ಲ ಟೀಚರೇ, ಇಲ್ಲಿ ಎಂತ ಆಗುದು?” ಎಂದು ನನ್ನನ್ನೇ ಕೇಳಿದರು. ಎಲ್ಲ ಮನೆಯವರೂ ಹೇಳುವುದು ಹೀಗೆಯೇ ಎಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಿಂಗಳ ಕೊನೆಗೆ ಮೇಲ್ವಿಚಾರಕಿ ಬಂದರು. ಅವರು ಕರೆದರೂ ತಿರುಗಲಿಲ್ಲ, ಹಾಡಿನ ಹೊತ್ತಿಗೆ ಅವರೆದುರೂ ಅದೇ ಓಟ. “ಕಿವಿ ಕೇಳುತ್ತದೋ ಇಲ್ಲವೋ, ಬುದ್ಧಿ ಬೆಳವಣಿಗೆ ಹೇಗೋ. ಪುತ್ತೂರಿಗೆ ತಪಾಸಣೆಗೆ ಬರೆಯಿರಿ” ಎಂದರು. ಒಮ್ಮೆ ಹಾಗೆ ಬರೆದರೆ ಆ ಮಾತು ಶಾಲೆಗೆ ಹೋದರೂ ಮಗುವಿನ ಬೆನ್ನು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಬರೆದೆ. ಅಷ್ಟು ಸಾಕಾಗಿ ಹೋಗಿತ್ತು. “ತನ್ನ ಹೆಸರನ್ನು ಗುರುತಿಸುವುದಿಲ್ಲ” ಎಂದು ಫಾರಂನಲ್ಲಿ ನನ್ನ ಕೈಯಾರೆ ತುಂಬಿ, ಮನೆಯವರ ಸಹಿಗೆ ಮರುದಿನ ಅಮ್ಮಚ್ಚಿಯನ್ನು ಒಳಗೆ ಕರೆದೆ.

“ನಿಮ್ಮ ಹೆಸರು ಹೇಳಿ.”

“ಏಲಿಯಮ್ಮ.”

“ಮಗುವಿನದ್ದಲ್ಲ ಮಾರಾಯ್ರೆ, ನಿಮ್ಮದು!”

“ನಂದೇ ಟೀಚರೇ. ನಮ್ಮಲ್ಲಿ ಮೊದಲ ಹೆಣ್ಣುಮಗುವಿಗೆ ಅಪ್ಪನ ಅಮ್ಮನ ಹೆಸರು ಇಡುದು. ಅದು ಇಗರ್ಜಿಯಲ್ಲಿ ಪಾದ್ರಿಗಳ ಪುಸ್ತಕಕ್ಕೆ, ಆಧಾರ್ ಕಾರ್ಡಿಗೆ. ಮನೆಯಲ್ಲಿ ಅವಳು ಮಿನ್ನು. ಇವಳ ಅಜ್ಜ ಏಲಿಯಮ್ಮಾ ಅಂತ ಕೂಗಿದ್ರೆ ನಾನಲ್ವಾ ಹೋಗುದು?”

ಸಹಿ ಹಾಕಲು ಕನ್ನಡಕ ಬೇಕೆಂದು ಅವರು ಚೀಲ ತೆರೆದರು. ಕನ್ನಡಕದ ಜೊತೆ ರಟ್ಟಿನ ಚೀಟಿಗಳೂ ಬಂದವು. ಒಂಬತ್ತೂ ಏಲಿಯಮ್ಮ. ಒಂದೂ ಬೇರೆ ಮಗುವಿನದ್ದಲ್ಲ. “ದಿನಾ ತಂದು ಕೊಡ್ತಾಳೆ. ನನಗೆ ಮಲಯಾಳ ಮಾತ್ರ ಓದ್ಲಿಕ್ಕೆ ಬರುದು. ಮಗು ಕೊಟ್ಟದ್ದು ಬಿಸಾಡುದು ಹೇಗೆ ಅಂತ ಇಟ್ಟುಕೊಂಡೆ” ಎಂದರು.

ಕೆಳಗೆ ಬಿದ್ದ ಒಂದು ಚೀಟಿಯನ್ನು ಮಿನ್ನು ಎತ್ತಿ ಮತ್ತೆ ಅಜ್ಜಿಯ ಕೈಗಿಟ್ಟಳು. “ಇದು ಅಮ್ಮಚ್ಚಿದು” ಎಂದು ನನಗೆ ತಿಳಿಸಿ ಹೇಳಿದಳು.

ಒಂಬತ್ತು ಸಲವೂ ಕಾಣೆಯಾದದ್ದು ಅದೇ ಹೆಸರು ಎಂಬುದು, ಮತ್ತೆ ಮತ್ತೆ ಬರೆದ ನನಗೇ ಹೊಳೆದಿರಲಿಲ್ಲ. ಹದಿನೆಂಟು ಚೀಟಿಗಳನ್ನು ದಿನವೂ ಕಲಸಿ ಹರಡಿದರೂ ಈ ಮಗು ಒಮ್ಮೆಯೂ ತಪ್ಪಿರಲಿಲ್ಲ. ಏಲಿಯಮ್ಮ ಬಂದರು ಎಂದು ಟೀಚರ್ ಹಾಡುತ್ತಾರೆ, ಏಲಿಯಮ್ಮ ಪಾಪ ರಸ್ತೆಯಲ್ಲಿ ಕೂತಿದ್ದಾರೆ, ಅವರದ್ದನ್ನು ಅವರಿಗೆ ಮುಟ್ಟಿಸಬೇಕು. ಅವಳ ಲೆಕ್ಕ ಅಷ್ಟೇ.

ಫಾರಂ ಹರಿದು ಹತ್ತನೆಯ ಚೀಟಿಯಲ್ಲಿ ಮಿನ್ನು ಎಂದು ಬರೆದೆ. ಮರುದಿನ “ಮಿನ್ನು ಬಂದಳು” ಎಂದು ಹಾಡಿದ್ದೇ ತಡ, ಎದ್ದು ನಿಂತಳು. ನಾಲ್ಕೇ ದಿನದಲ್ಲಿ ಆ ಚೀಟಿಯೂ ಗೋಡೆಯ ದಾರಕ್ಕೆ ಬಂತು.

ಈಗಲೂ ದಾಖಲಾತಿಯ ದಿನ ನನ್ನ ಮೊದಲ ಪ್ರಶ್ನೆ, ಮನೆಯಲ್ಲಿ ಮಗುವನ್ನು ಏನೆಂದು ಕರೆಯುತ್ತೀರಿ ಎಂಬುದು. ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಪೆನ್ಸಿಲಿನಲ್ಲಿ ನಾನೇ ಎಳೆದುಕೊಂಡಿದ್ದೇನೆ. ಆ ವರ್ಷ ಜುಲೈಯಲ್ಲಿ ಮೇಲ್ವಿಚಾರಕಿ ಮತ್ತೆ ಬಂದು, ಫಾರಂ ಯಾಕೆ ಕಳಿಸಲಿಲ್ಲ, ಮಗುವಿನ ಕಿವಿ ಏನಾಯಿತು ಎಂದು ಕೇಳಿದರು.

“ಮಗುವಿನದ್ದು ಸರಿ ಉಂಟು ಮೇಡಂ, ಕೇಳದಿದ್ದದ್ದು ನನಗೆ” ಎಂದೆ.