ಅರ್ಧಣ್ಣನ ಮಾತ್ರೆ

ಅವನಿಗೆ ಅರ್ಧಣ್ಣ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಆಸ್ಪತ್ರೆ, ಹಾಸ್ಟೆಲ್, ಲಾಡ್ಜುಗಳ ಬಟ್ಟೆಯನ್ನು ರಾಶಿರಾಶಿಯಾಗಿ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಅವನು ಅಲ್ಲಿ ಇಸ್ತ್ರಿ ಮೇಜಿನವನು, ಅವನ ಹೆಂಡತಿ ಮಡಚುವ ಮೇಜಿನವಳು. ಕೈಗೆ ಏನು ಸಿಕ್ಕಿದರೂ ಮುರಿದು ಎರಡು ಮಾಡುವುದು, ಒಂದನ್ನು ಹೆಂಡತಿಯ ಕೈಗಿಡುವುದು ಅವನ ಚಾಳಿ. ಬನ್ನಾಗಲಿ, ಬಾಳೆಹಣ್ಣಾಗಲಿ, ಕೊನೆಗೆ ಒಂದೇ ಒಂದು ಬಿಸ್ಕತ್ತಾಗಲಿ, ಅವನ ಕೈಯಲ್ಲಿ ಇಡಿಯಾಗಿ ಉಳಿದದ್ದೇ ಇಲ್ಲ. "ಅರ್ಧಣ್ಣ ಬಂದ, ನಿಮ್ಮನಿಮ್ಮ ಬನ್ನು ಮುಚ್ಚಿಟ್ಕೊಳ್ರಪ್ಪಾ!" ಎಂದು ಒಗೆಯುವ ಯಂತ್ರದವರು ರೇಗಿಸುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ.

ಬೆಡ್‌ಶೀಟ್ ಮಡಚುವುದು ಒಬ್ಬರ ಕೆಲಸವಲ್ಲ. ಎರಡು ಮೂಲೆ ಅವಳು ಹಿಡಿಯಬೇಕು, ಎರಡು ಮೂಲೆ ಇಸ್ತ್ರಿ ಬಿಟ್ಟು ಬಂದ ಅವನು. ಎಳೆದು ಒಂದು ಸಲ ಝಾಡಿಸಿ, ನಡೆದು ಬಂದು ಮೂಲೆಗೆ ಮೂಲೆ ಕೂಡಿಸಿ, ಮತ್ತೆ ದೂರ ಸರಿದು, ಮತ್ತೆ ಹತ್ತಿರ ಬರಬೇಕು. ದಿನಕ್ಕೆ ಇನ್ನೂರು ಸಲ ಗಂಡ ಹೆಂಡತಿ ಹೀಗೆ ದೂರ ಹೋಗಿ ಹತ್ತಿರ ಬರುತ್ತಿದ್ದರು. ಹೊಸದರಲ್ಲಿ ಇದೊಂದು ಆಟದಂತಿತ್ತು, ಮೂಲೆ ಕೊಡುವಾಗ ಬೆರಳು ತಾಗಿದರೆ ಅವಳ ಕೆನ್ನೆ ಕೆಂಪಾಗುತ್ತಿತ್ತಂತೆ. ಹತ್ತೊಂಬತ್ತು ವರ್ಷವಾದ ಮೇಲೆ ಯಾರ ಕೆನ್ನೆ ಕೆಂಪಾಗುತ್ತದೆ ಹೇಳಿ? ಇನ್ನೂರು ಸಲ ಅಂದರೆ ಇನ್ನೂರು ಸಲದ ಸುಸ್ತು, ಅಷ್ಟೇ.

ಅದು ಬೆವರಿಳಿಸುವ ಜಾಗ. ಒಂದು ಕಡೆ ಹಬೆ, ಇನ್ನೊಂದು ಕಡೆ ಇಸ್ತ್ರಿಯ ಕಾವು, ಮೇಲೆ ಬಿಸಿಗಾಳಿಯನ್ನೇ ತಿರುತಿರುಗಿಸಿ ಬಡಿಯುವ ಫ್ಯಾನು. ಹೆಂಗಸರ ಶೌಚಾಲಯ ಅಂಗಳದ ಆ ತುದಿಗೆ, ಅದರ ಬೀಗದ ಕೈ ಮೇಲ್ವಿಚಾರಕಿಯ ಸೊಂಟದಲ್ಲಿ. ಪ್ರತಿ ಸಲ ಅವಳ ಮುಂದೆ ಹೋಗಿ ಕೈಚಾಚಿ ನಿಲ್ಲುವ ಕರ್ಮ ಯಾರಿಗೆ ಬೇಕು ಎಂದು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟಿದ್ದರು.

ಇಸ್ತ್ರಿ ಒತ್ತಿ ಒತ್ತಿ ಅರ್ಧಣ್ಣನ ಬಲಭುಜ ಹಿಡಿದುಕೊಂಡಿತು. ಕೈ ಮೇಲೆತ್ತಿದರೆ ಜೀವ ಹೋದಂತಾಗುತ್ತಿತ್ತು. ಒಂದು ಸಂಜೆ ಮನೆಗೆ ಹೋಗುವಾಗ ಇಬ್ಬರೂ ಮೂಲೆಯ ಔಷಧಿ ಅಂಗಡಿಗೆ ಹೋದರು. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ, ನೋವು ಮತ್ತು ಊತ ಇಳಿಸುವ ಮಾತ್ರೆಯ ಒಂದು ಪಟ್ಟಿ ಮುಂದಿಟ್ಟ.

"ಬಿಪಿ, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಏನಾದ್ರೂ ಇದೆಯಾ?"

"ನಂಗಾ? ಏನೂ ಇಲ್ಲ. ಗುಂಡುಕಲ್ಲಿನ ಹಾಗಿದೀನಿ, ಭುಜ ಒಂದು ಬಿಟ್ರೆ."

"ಹಾಗಾದ್ರೆ ಊಟ ಆದ್ಮೇಲೆ ಒಂದು ತಗೊಳ್ಳಿ. ಖಾಲಿ ಹೊಟ್ಟೇಲಿ ಬೇಡ. ಮೂರ್ನಾಲ್ಕು ದಿನದಲ್ಲಿ ಕಮ್ಮಿ ಆಗ್ಲಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸಿ. ಇದನ್ನ ದಿನಾ ನುಂಗ್ತಾ ಕೂತ್ಕೋಬಾರದು, ಹೊಟ್ಟೆ ಕೊರೆಯುತ್ತೆ, ಕಿಡ್ನಿಗೂ ಒಳ್ಳೇದಲ್ಲ. ಕೇಳಿಸ್ತಾ?"

"ಹ್ಞೂಂ ಹ್ಞೂಂ" ಎಂದು ಅರ್ಧಣ್ಣ ಪಟ್ಟಿಯನ್ನು ಅಂಗಿ ಜೇಬಿಗೆ ಸೇರಿಸಿದ. ಗಂಡಸರ ಹ್ಞೂಂ ಎಷ್ಟರದು ಎಂದು ಮನೆಯವರಿಗೆ ಗೊತ್ತಿರುತ್ತದೆ. ಅವನಿಗೆ ಕೇಳಿಸಿತೋ ಇಲ್ಲವೋ, ಪಕ್ಕದಲ್ಲಿ ನಿಂತಿದ್ದ ಹೆಂಡತಿಗೆ ಚೆನ್ನಾಗಿಯೇ ಕೇಳಿಸಿತು. ಎರಡು ವರ್ಷದಿಂದ ಬಿಪಿ ಮಾತ್ರೆ ತಿನ್ನುತ್ತಿದ್ದವಳು ಅವಳು. ಆದರೆ ಪ್ರಶ್ನೆ ಅವಳಿಗಲ್ಲವಲ್ಲ, ಅವಳು ಬಾಯಿ ಬಿಡಲಿಲ್ಲ.

ಮಾತ್ರೆ ನುಂಗಿದ ಅರ್ಧ ಗಂಟೆಗೆ ಭುಜ ಹಗುರಾಯಿತು. ಆಹಾ, ಎಂಥ ಸುಖ! ಆ ಸುಖದ ರುಚಿ ಹತ್ತಿದ ಮೇಲೆ ಊಟಕ್ಕೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಐದನೆಯ ದಿನ ಬೆಳಗಿನ ಚಹಾದ ಜೊತೆಗೇ ಅವನು ಒಂದನ್ನು ಬಾಯಿಗೆ ಹಾಕಿಕೊಳ್ಳಲು ಹೊರಟ. ಹೆಂಡತಿ ಅವನ ಕೈಯನ್ನೇ ನೋಡುತ್ತಿದ್ದಳು.

"ರೀ, ನಂಗೂ ಮಂಡಿ ಹಿಡ್ಕೊಂಡಿದೆ. ಅರ್ಧ ಕೊಡಿ."

ಕೇಳಿದ್ದೇ ತಡ, ಉಗುರಿನಿಂದ ಮಾತ್ರೆಯನ್ನು ಕಟ್ಟೆಂದು ಮುರಿದು ಕೊಟ್ಟ. ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಬೆಳಿಗ್ಗೆ ಒಂದನ್ನು ಮುರಿದು ಹಂಚಿಕೊಂಡರು, ಮಧ್ಯಾಹ್ನ ಒಂದನ್ನು, ಸಂಜೆ ಮನೆಗೆ ಹೊರಡುವ ಮುಂಚೆ ಇನ್ನೊಂದನ್ನು. ಹೀಗೆ ನಾಲ್ಕು ತಿಂಗಳು. ಭುಜವನ್ನು ಯಾವ ಡಾಕ್ಟರಿಗೂ ತೋರಿಸಲಿಲ್ಲ, ಅದಕ್ಕೊಂದು ದಿನ ರಜೆ ಹಾಕುವವರು ಯಾರು?

ಅಷ್ಟರಲ್ಲಿ ಅವಳ ಬಿಪಿ ಏರಿತು. ಕ್ಲಿನಿಕ್ಕಿನ ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು, ಮೈಯ ನೀರಿಳಿಸಲು ಇನ್ನೊಂದು ಮಾತ್ರೆ ಸೇರಿಸಿದರು. "ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?" ಎಂದು ಕೇಳಿದರು. "ಇಲ್ಲ" ಎಂದಳು ಅವಳು. "ಏನೂ ಇಲ್ಲ ಸಾರ್" ಎಂದ ಪಕ್ಕದಲ್ಲಿದ್ದ ಅರ್ಧಣ್ಣ, ಅಂಗಿ ಜೇಬಿನಲ್ಲಿ ಪಟ್ಟಿ ಇಟ್ಟುಕೊಂಡೇ.

ಅವರು ಸುಳ್ಳು ಹೇಳಿದರು ಎಂದುಕೊಳ್ಳಬೇಡಿ. ಅವರ ಲೆಕ್ಕದಲ್ಲಿ ಅದು ಅವನ ಮಾತ್ರೆ. ಅವನ ಭುಜಕ್ಕೆ ತಂದದ್ದು, ಅವನ ಜೇಬಿನಲ್ಲಿರುವುದು. ಗಂಡನ ಬನ್ನಿನಲ್ಲಿ ಅರ್ಧ ತಿಂದವಳು ತಾನು ಬನ್ನು ಕೊಂಡೆ ಎಂದು ಹೇಳುತ್ತಾಳೆಯೇ? ಹಾಗೆಯೇ ಇದೂ.

ಆಮೇಲೆ ಒಂದೊಂದೇ ಕಾಣಿಸತೊಡಗಿತು. ಪಾದ ಊದಿ ಚಪ್ಪಲಿ ಪಟ್ಟಿಯ ಗುರುತು ಸಂಜೆಯವರೆಗೂ ಉಳಿಯುತ್ತಿತ್ತು. ಊಟ ಕಂಡರೆ ವಾಕರಿಕೆ. ಬೀಗದ ಕೈ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ, ದಿನಕ್ಕೊಂದು ಸಲ ಹೋದರೆ ಹೆಚ್ಚು. "ವಯಸ್ಸಾಯ್ತು, ಇನ್ನೇನು" ಎಂದು ಅವಳು, "ಸುಸ್ತು ಯಾರಿಗಿಲ್ಲ" ಎಂದು ಅವನು. ಒಂದು ಬೆಳಿಗ್ಗೆ ಶೀಟಿನ ಎರಡು ಮೂಲೆ ಹಿಡಿದು ಅವನ ಕಡೆ ನಡೆದು ಬರುತ್ತಿದ್ದವಳು ಅರ್ಧ ದಾರಿಯಲ್ಲಿ ಹಾಗೆಯೇ ಕುಸಿದು ಕುಳಿತಳು. ಮೂಲೆಗಳನ್ನು ಮಾತ್ರ ಕೈಯಿಂದ ಬಿಟ್ಟಿರಲಿಲ್ಲ, ಒಗೆದ ಬಟ್ಟೆ ನೆಲಕ್ಕೆ ತಾಗಬಾರದಲ್ಲ.

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದರು. ವಯಸ್ಸಿನಲ್ಲಿ ಮಗಳಂತಿದ್ದ ಡಾಕ್ಟರಮ್ಮ ಚೀಟಿ ನೋಡಿ ಹುಬ್ಬು ಗಂಟಿಕ್ಕಿದಳು.

"ಕಿಡ್ನಿ ಸರಿಯಾಗಿ ಕೆಲಸ ಮಾಡ್ತಿಲ್ಲ. ಕಾರಣ ಗೊತ್ತಾಗ್ತಿಲ್ಲ. ಇನ್ನೆರಡು ದಿನ ಹೀಗೇ ಏರಿದ್ರೆ ಡಯಾಲಿಸಿಸ್ ಮಾಡ್ಬೇಕಾಗುತ್ತೆ. ಬೇರೆ ಮಾತ್ರೆ ಏನಾದ್ರೂ...?"

"ಇಲ್ಲಮ್ಮ, ಏನೂ ಇಲ್ಲ" ಎಂದ ಅರ್ಧಣ್ಣ.

ಅವಳು ಹಾಸಿಗೆಯ ಮೇಲೆ ಮಲಗಿ ಶೀಟಿನ ಅಂಚನ್ನು ಬೆರಳಲ್ಲಿ ತಡವಿ ನೋಡಿದಳು. "ಇದು ನಮ್ಮ ಲಾಂಡ್ರೀದೇ ರೀ. ಆದ್ರೆ ನಾವು ಮಡಚಿದ್ದಲ್ಲ. ಮಡಿಕೆ ಗೆರೆ ನೋಡಿ ಎಷ್ಟು ಸೊಟ್ಟ, ರಾತ್ರಿ ಪಾಳಿಯವರ ಕೆಲಸ." ಆ ಸ್ಥಿತಿಯಲ್ಲೂ ಅವಳ ಕಣ್ಣು ಮಡಿಕೆಯ ಮೇಲೆ. ಅವನಿಗೆ ನಗು ಬಂತು.

ಅವಳು ಬಿಪಿ ಮಾತ್ರೆಯನ್ನು ತಂದಿದ್ದಳು, ಆಸ್ಪತ್ರೆಯವರು ಅದನ್ನು ತೆಗೆದಿಟ್ಟುಕೊಂಡಿದ್ದರು. ಅವನ ಜೇಬನ್ನು ಯಾರು ನೋಡುತ್ತಾರೆ? ಮರುದಿನ ಬೆಳಿಗ್ಗೆ, ಕಬ್ಬಿಣದ ಬೆಂಚಿನ ಮೇಲೆ ಮುದುರಿ ರಾತ್ರಿ ಕಳೆದ ಅವನ ಭುಜ ಕಿತ್ತು ಬರುತ್ತಿತ್ತು. ಚಹಾ ತಂದ, ಬನ್ನು ಮುರಿದ, ಅವಳಿಗೆ ಬೇಡವಾಯಿತು. ಪಟ್ಟಿ ತೆಗೆದ, ಮಾತ್ರೆಯನ್ನು ಉಗುರಿನಿಂದ ಮುರಿದ, ಒಂದು ಚೂರನ್ನು ಎಂದಿನಂತೆ ಅವಳ ಮುಂದೆ ಹಿಡಿದ. ಅವಳೂ ಎಂದಿನಂತೆ ಕೈ ಚಾಚಿದಳು.

"ಏ ಯಜಮಾನ್ರೇ! ಏನದು ಕೈಯಲ್ಲಿ?" ಪಕ್ಕದ ಹಾಸಿಗೆಯ ಹತ್ತಿರ ಇದ್ದ ನರ್ಸಮ್ಮನ ಗಂಟಲು ವಾರ್ಡಿಗೆಲ್ಲ ಕೇಳಿಸಿತು.

"ನನ್ನ ಮಾತ್ರೆ ಸಿಸ್ಟರ್. ಭುಜ ನೋವಿಗೆ."

"ಭುಜ ನಿಮ್ದು, ಮಾತ್ರೆ ನಿಮ್ದು. ಮತ್ತೆ ಅವರ ಬಾಯಿಗೆ ಯಾಕೆ ಹೋಗ್ತಿದೆ?"

"ಅರ್ಧ... ಯಾವಾಗ್ಲೂ ಅರ್ಧ ಅವಳಿಗೆ ಕೊಡ್ತೀನಿ."

"ಯಾವಾಗ್ಲೂ ಅಂದ್ರೆ?"

"ನಾಲ್ಕು ತಿಂಗಳಿಂದ."

ನರ್ಸಮ್ಮ ಎರಡೂ ಚೂರುಗಳನ್ನು ಕಿತ್ತುಕೊಂಡು ಡಾಕ್ಟರಮ್ಮನನ್ನು ಕರೆದಳು. ಡಾಕ್ಟರಮ್ಮ ಪಟ್ಟಿಯ ಹಿಂದಿನ ಅಕ್ಷರ ಓದಿ ತಲೆ ಹಿಡಿದುಕೊಂಡಳು. "ಎಷ್ಟು ಸಲ ಕೇಳಿದೆ ನಿಮ್ಮನ್ನ! ಬಿಪಿ ಮಾತ್ರೆ, ನೀರಿಳಿಸೋ ಮಾತ್ರೆ, ಅದರ ಮೇಲೆ ಇದು. ಮೂರೂ ಸೇರಿದ್ರೆ ಕಿಡ್ನಿಗೆ ರಕ್ತ ಹರಿಯೋದೇ ಕಮ್ಮಿಯಾಗುತ್ತೆ. ಕಾವಲ್ಲಿ ಬೆವರಿ, ನೀರೂ ಕುಡೀದೆ ಇದ್ರೆ ಮುಗೀತು. ಬಿಪಿ ಏರಿದ್ದಕ್ಕೂ ಇದೇ ಕಾರಣ ಇರಬಹುದು. ಅಂಗಡೀಲಿ ಚೀಟಿ ಇಲ್ದೆ ಸಿಕ್ಕಿದ ಮಾತ್ರಕ್ಕೆ ಅದು ಔಷಧಿ ಅಲ್ವಾ?"

ಅರ್ಧಣ್ಣ ವಾರ್ಡಿನ ಹೊರಗೆ ಕೈ ತೊಳೆಯುವ ತೊಟ್ಟಿಯ ಪಕ್ಕ ಹೋಗಿ ಕುಕ್ಕರುಗಾಲಲ್ಲಿ ಕುಳಿತ. ಬೇರೆ ಯಾರೋ ಹೀಗೆ ಮಾಡಿದ್ದರೆ ಅವರ ಮೇಲೆ ಕೂಗಾಡಬಹುದಿತ್ತು. ಇಲ್ಲಿ ಯಾರ ಮೇಲೆ ಕೂಗುವುದು? ದಿನಕ್ಕೆ ಮೂರು ಸಲ, ತನ್ನ ಉಗುರಿನಿಂದ ಮುರಿದು, ತನ್ನ ಕೈಯಾರೆ ಕೊಟ್ಟಿದ್ದ. ಹತ್ತೊಂಬತ್ತು ವರ್ಷ ಏನನ್ನೂ ಒಬ್ಬನೇ ತಿನ್ನಲಿಲ್ಲ ಎಂಬ ಹೆಮ್ಮೆಯೊಂದಿತ್ತು ಅವನಿಗೆ, ಅದೂ ಅಂದು ಕರಗಿಹೋಯಿತು. ಅವಳು ಉಳಿಯದಿದ್ದರೆ ಎಂದು ನೆನೆದು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತ.

ಆ ಮಾತ್ರೆ ನಿಂತಿತು, ಬಿಪಿಯ ಮಾತ್ರೆಗಳನ್ನು ಬದಲಿಸಿದರು, ಕೈಗೆ ಡ್ರಿಪ್ ಹಾಕಿದರು. ಅವಳ ಮೂತ್ರವನ್ನು ಗೆರೆ ಬರೆದ ಪ್ಲಾಸ್ಟಿಕ್ ಜಗ್ಗಿನಲ್ಲಿ ಅಳೆದು ಹೇಳುವ ಕೆಲಸ ಅವನ ಪಾಲಿಗೆ ಬಂತು. ಮೊದಲ ದಿನ ಜಗ್ಗಿನ ತಳ ಮುಚ್ಚಿದ್ದು ಅಷ್ಟಕ್ಕಷ್ಟೆ. ಎರಡನೆಯ ದಿನವೂ ಹಾಗೆಯೇ. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಗೆರೆಗಳನ್ನೇ ಕಾದ. ಮೂರನೆಯ ಮಧ್ಯಾಹ್ನ ನೀರು ಎರಡು ಗೆರೆ ಮೇಲೇರಿತು, ನಾಲ್ಕನೆಯ ದಿನ ಜಗ್ಗು ಅರ್ಧ ದಾಟಿತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ವಾರ್ಡಿನುದ್ದಕ್ಕೂ ಓಡಿದ್ದನ್ನು ಕಂಡು ನರ್ಸಮ್ಮ, "ಅಯ್ಯೋ ಮಾರಾಯ, ಚೆಲ್ಲೀತು ನಿಧಾನ!" ಎಂದು ನಕ್ಕಳು.

"ಡಯಾಲಿಸಿಸ್ ಬೇಡ" ಎಂದಳು ಡಾಕ್ಟರಮ್ಮ. "ಪೂರ್ತಿ ಮೊದಲಿನ ಹಾಗಾಗುತ್ತೆ ಅಂತ ಹೇಳಲಾರೆ. ತಿಂಗಳು ತಿಂಗಳು ರಕ್ತ ನೋಡೋಣ. ಈ ಜಾತಿಯ ನೋವಿನ ಮಾತ್ರೆ ಇನ್ನು ಇವರ ಬಾಯಿಗೆ ಬೇಡ, ಬೇರೆ ಹೆಸರಲ್ಲಿ ಬಂದ್ರೂ ಬೇಡ. ಯಾವ ಅಂಗಡಿಗೆ ಹೋದ್ರೂ ಬಿಪಿ ಇದೆ, ಕಿಡ್ನಿಗೆ ಪೆಟ್ಟಾಗಿದೆ ಅಂತ ಮೊದಲು ಹೇಳಿ, ಆಮೇಲೆ ಕೇಳಿ."

ಆಸ್ಪತ್ರೆಯಿಂದ ಹೊರಡುವಾಗ ಅವನು ಹಿಂಜರಿಯುತ್ತಲೇ ಕೇಳಿದ್ದ. "ಮಾತ್ರೆ ಇಲ್ದೆ ಮಂಡಿ ಹೇಗಿದೆ?" "ಪರವಾಗಿಲ್ಲ" ಎಂದಿದ್ದಳು. ನಾಲ್ಕು ತಿಂಗಳು ಮಾತ್ರೆ ಬೇಡಿದ ಮಂಡಿ ಇಷ್ಟು ಬೇಗ ಹೇಗೆ ಸುಮ್ಮನಾಯಿತು ಎಂದು ಅವನಿಗೆ ಅಚ್ಚರಿಯಾಗಿತ್ತು.

ಮೂರು ವಾರ ಕಳೆದು ಅವಳು ಕೆಲಸಕ್ಕೆ ಬಂದಳು. ಸಣಕಲಾಗಿದ್ದಳು, ಪಕ್ಕದಲ್ಲಿ ನೀರಿನ ಬಾಟಲಿ. ಬಂದವಳೇ ಮೇಲ್ವಿಚಾರಕಿಯಿಂದ ಬೀಗದ ಕೈ ಇಸಿದುಕೊಂಡು ಗೋಡೆಯ ಮೊಳೆಗೆ ನೇತುಹಾಕಿದಳು. ಅದು ಅಲ್ಲೇ ಉಳಿಯಿತು.

ಅರ್ಧಣ್ಣ ಭುಜವನ್ನು ಕೊನೆಗೂ ತೋರಿಸಿದ್ದ. ಒಂದಷ್ಟು ವ್ಯಾಯಾಮ ಹೇಳಿಕೊಟ್ಟು, ತೀರಾ ತಡೆಯಲಾಗದ ದಿನ ಮಾತ್ರ ಊಟದ ಮೇಲೆ ಒಂದು ಮಾತ್ರೆ ಎಂದಿದ್ದರು. ಅವನು ಮುಟ್ಟಿಯೇ ಇರಲಿಲ್ಲ. ಅಂದು ಮಾತ್ರ ಕೈ ಮೇಲೇಳಲೇ ಇಲ್ಲ. ಊಟ ಮುಗಿಸಿ, ಪಟ್ಟಿ ತೆಗೆದು, ಒಂದನ್ನು ಹಿಡಿದ. ಮನಸ್ಸು ಎಲ್ಲೋ ಇತ್ತು, ಕಟ್ಟೆಂಬ ಸದ್ದು ಕೇಳಿಸಿದಾಗಲೇ ಎಚ್ಚರವಾದದ್ದು. ಅಂಗೈಯಲ್ಲಿ ಎರಡು ಚೂರು. ಅವನು ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ.

"ಈ ಕೈಯೇ ಕಣೇ ನಿನ್ನ ಸಾಯಿಸ್ತಿದ್ದಿದ್ದು" ಎಂದ.

ಅವಳು ಅವನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದಳು.

"ನೀವಾಗಿ ಕೊಡ್ಲಿಲ್ಲ. ನಾನು ಕೇಳ್ದೆ."

"ಮಂಡಿ ನೋವು ಅಂತ ಕೇಳ್ದೆ. ಕೊಟ್ಟವನು ನಾನಲ್ವಾ?"

"ಮಂಡಿ ನೋವು ಇತ್ತು. ಆದ್ರೆ ಮಾತ್ರೆ ತಿನ್ನೋ ಅಷ್ಟೇನೂ ಇರ್ಲಿಲ್ಲ ರೀ. ಅಂಗಡಿಯವ್ರು ಹೇಳಿದ್ದು ನೀವು ಕಿವಿಗೇ ಹಾಕ್ಕೊಳ್ಲಿಲ್ಲ, ಖಾಲಿ ಹೊಟ್ಟೇಲಿ ನುಂಗೋಕೆ ಶುರು ಮಾಡಿದ್ರಿ. ಬೇಡ ಅಂದ್ರೆ ಕೇಳೋ ಜನ ಅಲ್ಲ ನೀವು. ನಂಗೆ ಬೇಕು ಅಂದ್ರೆ ಮಾತ್ರ ಮುರೀತೀರ. ಅರ್ಧ ನಾನು ನುಂಗಿದ್ರೆ ನಿಮ್ಮ ಹೊಟ್ಟೆಗೆ ಅರ್ಧನೇ ತಾನೆ ಹೋಗೋದು ಅಂತ..."

ಹಬೆಯ ಯಂತ್ರ ಬುಸ್ಸೆನ್ನುತ್ತಿತ್ತು, ಮೇಜಿನ ಮೇಲೆ ಮಧ್ಯಾಹ್ನದ ರಾಶಿ ಕಾಯುತ್ತಿತ್ತು. ಅವಳು ಅವನ ಅಂಗೈಯಿಂದ ಒಂದು ಚೂರನ್ನು ತೆಗೆದು ಕಸದ ಡಬ್ಬಿಗೆ ಹಾಕಿ, ನೀರಿನ ಬಾಟಲಿಯನ್ನು ಅವನ ಕೈಗಿಟ್ಟಳು. ಅವನು ಉಳಿದ ಅರ್ಧವನ್ನು ನುಂಗಿ ನೀರು ಕುಡಿದ. ಆಮೇಲೆ ಅವಳು ರಾಶಿಯಿಂದ ಒಂದು ಶೀಟ್ ಎಳೆದು ಎರಡು ಮೂಲೆಯನ್ನು ಅವನಿಗೆ ಕೊಟ್ಟಳು.

"ಕೈ ತೀರಾ ಮೇಲೆತ್ತಬೇಡಿ" ಎಂದಳು. "ನಾನೇ ನಿಮ್ಮ ಹತ್ರ ಬರ್ತೀನಿ."