ಕಾಶಿ ಬಸ್ಸಿನ ಎರಡು ಸೀಟು

ಮೊನ್ನೆ ಬ್ಯಾಂಕಿನ ಹುಡುಗಿಯೊಬ್ಬಳು ನನಗೊಂದು ಕಾರ್ಡು ಮಾರಲು ಬಂದಿದ್ದಳು. ವಿಮಾನ ಹತ್ತಲೇಬೇಕೆಂದೇನೂ ಇಲ್ಲವಂತೆ. ಅಕ್ಕಿ ಬೇಳೆ ಕೊಂಡರೂ ಮೈಲಿಗಳು ಕೂಡುತ್ತವಂತೆ, ಸಾಕಷ್ಟು ಕೂಡಿದ ಮೇಲೆ ಪುಕ್ಕಟೆ ಹಾರಬಹುದಂತೆ. ಇದೆಲ್ಲ ತಮ್ಮ ಕಾಲದವರೇ ಕಂಡುಹಿಡಿದದ್ದೆಂಬ ಹೆಮ್ಮೆ ಅವಳಿಗೆ. ಅಯ್ಯೋ, ನಮ್ಮ ದೊಡ್ಡಮ್ಮ ಎಪ್ಪತ್ತರ ದಶಕದಲ್ಲೇ ಹಿರಿಯೂರಿನಲ್ಲಿ ಕೂತು ಮಾಡಿದ ಕೆಲಸ ಅದು! ಅವಳು ಊರು ಬಿಟ್ಟು ಹೋಗಿದ್ದೆಂದರೆ ಹೊಳಲ್ಕೆರೆಯ ತವರಿಗೆ, ಆಸ್ಪತ್ರೆಗೆಂದು ಚಿತ್ರದುರ್ಗಕ್ಕೆ, ಅಷ್ಟೇ.

ದೊಡ್ಡಪ್ಪನದು ಹಿಟ್ಟಿನ ಗಿರಣಿ. ಒಂದು ದಿನ ರಾಗಿ ಸುರಿಯುತ್ತಿದ್ದವರು ಹಾಗೇ ಕುಸಿದರು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಾಯಿತು. ಅವರನ್ನು ಗಿರಣಿಯ ಹಿಂದಿನ ಕೋಣೆಯಲ್ಲಿ ಮಲಗಿಸಿ ದೊಡ್ಡಮ್ಮ ತಾನೇ ಗಿರಣಿ ನಡೆಸಲು ಕಲಿತಳು. ನಾನು ಆಗಷ್ಟೇ ಅಲ್ಲಿನ ಶಾಲೆಯಲ್ಲಿ ಟೀಚರಾಗಿ ಸೇರಿ ಅವರ ಮನೆಯಲ್ಲಿದ್ದೆ. ದೊಡ್ಡಪ್ಪನದು ಒಂದೇ ಹಟ: ಸಾಯುವುದರೊಳಗೆ ಗಂಗೆಯಲ್ಲೊಂದು ಮುಳುಗು ಹಾಕಬೇಕು.

"ಬಚ್ಚಲಿಗೆ ಹೋಗಾಕೇ ಇಬ್ರು ಹಿಡ್ಕಬೇಕು, ಗಂಗೆ ಬೇಕಂತೆ ಗಂಗೆ!" ಎಂದು ದೊಡ್ಡಮ್ಮ ಬಯ್ಯುತ್ತಿದ್ದಳು. ಬಯ್ದವಳೇ ಅದಕ್ಕೆ ದಾರಿ ಹುಡುಕಿದಳು.

ವರ್ಷಕ್ಕೊಮ್ಮೆ ಕಾಶಿಗೆ ಯಾತ್ರೆ ಬಸ್ಸು ಹೊರಡಿಸುವ ಸಾಹುಕಾರರೊಬ್ಬರಿದ್ದರು. ವರ್ಷ ವರ್ಷದ ಲೆಕ್ಕ ಸೇರಿಸಿಯಾದರೂ ಸರಿ, ಇಪ್ಪತ್ತು ಜನರನ್ನು ಕೂಡಿಸಿಕೊಟ್ಟವರಿಗೆ ಒಂದು ಸೀಟು ಪುಕ್ಕಟೆ ಎಂದು ಅವರು ಹೇಳಿದ್ದೇ ತಡ, ದೊಡ್ಡಮ್ಮ ಸೆರಗು ಬಿಗಿದಳು. ಕರೆಂಟು ಹೋಗಿ, ಹಿಟ್ಟಿಗೆ ಕಾದು ಕೂತ ಹೆಂಗಸರು ಎಲ್ಲಿಗೆ ತಾನೇ ತಪ್ಪಿಸಿಕೊಂಡಾರು? ಹೋಗಿಬಂದವರ ಬಾಯಲ್ಲಿ ಕೇಳಿದ್ದನ್ನೆಲ್ಲ ಇವಳು ಕಣ್ಣಾರೆ ಕಂಡವಳ ಹಾಗೆ ಹೇಳುವಳು. ಮೆಟ್ಟಿಲು, ದೋಣಿ, ಬೆಳಗಿನ ಜಾವದ ಚಳಿ, ಒಂದೂ ಬಿಡುತ್ತಿರಲಿಲ್ಲ. ಕುರಿ ಸಾಕುವ ಅಜ್ಜಿಯೊಬ್ಬಳು ಹಿಂದೆಮುಂದೆ ನೋಡಿದರೆ, "ಕುರಿ ಮಾರಿದ ದುಡ್ಡು ಇಟ್ಕಂಡು ಏನ್ಮಾಡ್ತೀಯಬೇ, ಸಾಯೋವಾಗ ಹೊತ್ಕಂಡು ಹೋಗ್ತೀಯ?" ಎಂದು ತಿವಿಯುವಳು. ಹೊಸದುರ್ಗದ ಕಡೆ ಮಾಡದಕೆರೆಯ ಬೀಗರಿಗೆ, ಭರಮಸಾಗರದ ನೆಂಟರಿಗೆ ಬಸ್ ಕಂಡಕ್ಟರುಗಳ ಕೈಲಿ ಹೇಳಿ ಕಳಿಸುವಳು. ಹೋಗಿಬಂದವರು, "ನೀನು ಹೇಳ್ದಂಗೇ ಐತಲ್ಲೇ ಕಾಶಿ!" ಎಂದು ಬಂದು ಅವಳ ಕೈ ಹಿಡಿದುಕೊಳ್ಳುತ್ತಿದ್ದರು.

ಎರಡನೆಯ ವರ್ಷ ಒಂದು ಸೀಟು ಬಂತು. ಒಂದು ಸೀಟಿನಿಂದ ಏನಾಗಬೇಕು? ದೊಡ್ಡಪ್ಪ ಒಬ್ಬರೇ ಹೋಗಲಾರರು. ಅವರು ತೊದಲುತ್ತ ಏನೋ ಹೇಳಿದರು. ಆ ತೊದಲು ಅರ್ಥವಾಗುತ್ತಿದ್ದದ್ದು ದೊಡ್ಡಮ್ಮನೊಬ್ಬಳಿಗೇ.

"ನೀನಾದ್ರೂ ಹೋಗಿ ಬಾ ಅಂತಾರೆ ನೋಡು," ಎಂದು ನನಗೆ ಹೇಳಿ, ಅವರ ಕಡೆ ತಿರುಗಿ ಗದರಿದಳು: "ಸುಮ್ನೆ ಮಲಗ್ರಿ ಕಂಡಿದ್ದೀನಿ. ಹೋದ್ರೆ ಇಬ್ರೂ ಹೋಗಾಣ."

"ನಾನು ನೋಡ್ಕೊಳ್ತೀನಿ, ಹೋಗು ದೊಡ್ಡಮ್ಮ," ಎಂದೆ.

"ನೀರು ಬೇಕು ಅಂತಾರೋ, ಮಗ್ಗಲು ಬದಲಾಯ್ಸು ಅಂತಾರೋ, ನಿಂಗೆ ತಿಳೀತೈತಾ?" ಎಂದಳು. ನನಗೆ ತಿಳಿಯುತ್ತಿರಲಿಲ್ಲ.

ಸೀಟನ್ನು ಹಾಗೇ ಕಾದಿರಿಸಿ ಎಂದು ಸಾಹುಕಾರರಿಗೆ ಹೇಳಿ ಎರಡನೆಯದಕ್ಕೆ ಜನ ಹುಡುಕತೊಡಗಿದಳು. ಈ ಸಲ ಕಷ್ಟವಾಯಿತು. ಹೋಗುವಂಥವರೆಲ್ಲ ಹೋಗಿಬಂದಿದ್ದರು. ಸಾಲದ್ದಕ್ಕೆ ದೊಡ್ಡಪ್ಪ ದಿನದಿನಕ್ಕೆ ಇಳಿದುಹೋಗುತ್ತಿದ್ದರು. ಅಂತೂ ಮತ್ತೆರಡು ವರ್ಷ ಕಳೆದು ಕೊನೆಯ ಹೆಸರು ಸಿಕ್ಕ ದಿನ ಅವಳು ಗಿರಣಿಯಿಂದ ಓಡಿಬಂದು ಹಿಟ್ಟಿನ ಕೈಯಲ್ಲೇ ಅವರ ಕೆನ್ನೆ ಹಿಡಿದು, "ಏಳ್ರಿ, ಹೊರಡಾಣ!" ಎಂದಳು. ದೊಡ್ಡಪ್ಪ ಅರ್ಧ ಮುಖದಲ್ಲಿ ನಕ್ಕರು. ಬಸ್ಸಿನ ಸೀಟಿಗೆಂದು ಅವಳು ಹಳೆಯ ಸೀರೆಗಳ ಮೆತ್ತನೆಯ ಕೌದಿ ಹೊಲೆದಳು.

ಬಸ್ಸು ಹೊರಡಲು ವಾರವಿತ್ತು. ಬೆಳಿಗ್ಗೆ ಗಿರಣಿ ತುಂಬ ಜನ. ಅದು ನಿಂತ ಮೇಲೆ ದೊಡ್ಡಮ್ಮ ಒಳಗೆ ಹೋದರೆ ದೊಡ್ಡಪ್ಪನ ಮೈ ತಣ್ಣಗಾಗಿತ್ತು. ಗಿರಣಿಯ ಸದ್ದಿನಲ್ಲಿ ಅವರು ಕರೆದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಮೂರನೆಯ ದಿನ ಸಾಹುಕಾರರು ಬಂದರು, ಒಳ್ಳೆಯ ಮನುಷ್ಯ. "ಎರಡೂ ಸೀಟು ಹಂಗೇ ಇಟ್ಟಿದ್ದೀನಿ ತಾಯಿ. ಅಸ್ಥಿ ತಗಂಡು ಬರ್ರಿ, ಗಂಗೇಲಿ ಬಿಡಾಣ," ಎಂದರು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಗಂಗೆಗೆ ಒಯ್ಯಲು ಒಂದು ಹಿಡಿ ಬೂದಿಯೂ ನಮ್ಮ ಬಳಿ ಇರಲಿಲ್ಲ. ಅದು ಆಮೇಲೆ ಹೊಳೆದು ಸಾಹುಕಾರರು ತಲೆ ತಗ್ಗಿಸಿದರು.

"ನೀನಾದರೂ ಹೋಗಿ ಬಾ ದೊಡ್ಡಮ್ಮ, ನಿನ್ನ ಕಷ್ಟದ ಸೀಟು ಅದು," ಎಂದೆ ನಾನು.

ಅವಳು ನನ್ನ ಮುಖ ನೋಡಿದಳು. ಬಯ್ಯುತ್ತಾಳೆಂದುಕೊಂಡೆ, ಬಯ್ಯಲಿಲ್ಲ.

"ಅವ್ರು ಹೋಗು ಅಂದಾಗ ಹೋಗಿದ್ದಿದ್ರೆ, ಬಂದು ಅವ್ರ ಪಕ್ಕ ಕುಂತ್ಕಂಡು ಎಲ್ಲಾ ಹೇಳ್ತಿದ್ದೆ ಕಣೇ. ಈಗ ಹೋಗ್ಬಂದು ಯಾರಿಗೆ ಹೇಳ್ಲಿ?"