ಹಸಿರು ಕಾರಿನ ಮೇಲಿನ ಹೆಬ್ಬೆರಳು

ಜುಂಜಣ್ಣನ ಕೆಲಸ ಕಲೆ ತೆಗೆಯುವುದು. ರಾಯದುರ್ಗದ ಜೀನ್ಸ್ ಘಟಕದಲ್ಲಿ ಕತ್ತರಿ ಹಿಡಿದವನನ್ನು ಮಾಸ್ಟರ್ ಅನ್ನುತ್ತಾರೆ, ಮೆಷಿನ್ ತುಳಿಯುವವನನ್ನು ಟೈಲರ್ ಅನ್ನುತ್ತಾರೆ. ಇವನಿಗೆ ಮಾತ್ರ ಅಂಥ ಹೆಸರಿಲ್ಲ. "ಏ ಕಲೆ" ಎಂದು ಯಾರಾದರೂ ಕೂಗಿದರೆ ತಿರುಗಿ ನೋಡುವವನು ಇವನೇ. ತಪಾಸಣೆಯ ಹೆಂಗಸರು ಪ್ಯಾಂಟಿನ ಮೇಲೆ ಎಲ್ಲಿ ಎಣ್ಣೆ ಕಲೆ ಕಂಡರೂ ಅದರತ್ತ ಮುಖ ಮಾಡಿ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುತ್ತಾರೆ. ಬಾಣವಿರುವ ಬಟ್ಟೆ ಪ್ಯಾಕಿಂಗ್ ಮೇಜು ಹತ್ತುವಂತಿಲ್ಲ. ಜುಂಜಣ್ಣ ಕಲೆ ತೆಗೆದು, ಬಾಣ ಕಿತ್ತು, ಬಟ್ಟೆಯನ್ನು ಮುಂದೆ ದಾಟಿಸುತ್ತಾನೆ. ಹದಿನೆಂಟು ವರ್ಷ ಇದನ್ನೇ ಮಾಡಿದ್ದಾನೆ, ಮೊದಲು ಬೆಂಗಳೂರಿನ ಪೀಣ್ಯದಲ್ಲಿ, ಆಮೇಲೆ ಇಲ್ಲಿ.

ಮನೆಗೆ ಬಂದರೆ ಅವನದು ಬೇರೆಯೇ ಲೋಕ. ಗೋಡೆಯ ಹಲಗೆಯ ಮೇಲೆ ಸಾಲಾಗಿ ಪ್ಲಾಸ್ಟಿಕ್ ಕಾರುಗಳು. ಅಂಗಡಿಯಲ್ಲಿ ಕೊಂಡು ಮಕ್ಕಳ ಕೈಗೆ ಕೊಡುವಂಥವಲ್ಲ. ಪೆಟ್ಟಿಗೆಯಲ್ಲಿ ಬಿಡಿಬಿಡಿ ಭಾಗವಾಗಿ ಬಂದು, ಗೋಂದು ಹಾಕಿ ಕೂಡಿಸಬೇಕಾದಂಥವು. ಐವತ್ತು ಅರವತ್ತು ವರ್ಷ ಹಿಂದೆ ಯಾವುದೋ ದೇಶದಲ್ಲಿ ಅಚ್ಚಾಗಿ, ಯಾರ ಮನೆಯಲ್ಲೋ ಅರ್ಧ ಕಟ್ಟಿಸಿಕೊಂಡು, ಚಕ್ರ ಕಳೆದುಕೊಂಡು, ಕೊನೆಗೆ ಬೆಂಗಳೂರಿನ ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಗೋಣಿತಟ್ಟಿನ ಮೇಲೆ ಬಿದ್ದಿದ್ದವು. ಅವನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟುವುದು ಜುಂಜಣ್ಣನ ಹುಚ್ಚು. ಅಮರಾಪುರದ ಕಡೆ ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನಿಗೆ ಇದೆಲ್ಲಿಂದ ಅಂಟಿತು ಎಂದು ನೆಂಟರು ಮೂಗು ಮುರಿಯುತ್ತಿದ್ದರು. ಮುರಿಯಲಿ. ಅವರ ಮೂಗು, ಅವರಿಷ್ಟ.

ಹಳೆ ಗೋಂದಿನ ಬೆಸುಗೆ ಬಿಡಿಸಬೇಕಾದರೆ ಕಾರನ್ನು ಒಂದು ಹಗಲು ಫ್ರಿಜ್ಜಿನ ಮಂಜಿನ ಖಾನೆಯಲ್ಲಿಡಬೇಕು, ಆಗ ಬೆಸುಗೆ ಪಟಕ್ಕನೆ ಬಿಡುತ್ತದೆ. ಜುಂಜಣ್ಣನ ಮನೆಯಲ್ಲಿ ಫ್ರಿಜ್ಜೆಲ್ಲಿಂದ ಬರಬೇಕು? ಪಕ್ಕದ ಮನೆಯ ಗುರುಶಾಂತಮ್ಮನೇ ಗತಿ. "ಏನ್ರಿ ಜುಂಜಣ್ಣ, ನಮ್ಮ ಹಾಲಿನ ಪಾಕೀಟಿಗೆ ಜಾಗ ಇಲ್ಲ, ನಿಮ್ಮ ಕಾರಿಗೆ ಐತಿ. ಒಳಗ ಡ್ರೈವರ್ ಇದ್ರ ಅವನೂ ಸೆಟೆದು ಸತ್ತಾನು" ಎಂದು ಆಕೆ ಬೈಯುತ್ತಲೇ ಬಾಗಿಲು ತೆಗೆದುಕೊಡುತ್ತಿದ್ದಳು. ಒಡೆದುಹೋದ ಹೆಡ್‌ಲೈಟಿನ ಜಾಗಕ್ಕೆ ಜೀನ್ಸ್ ಜೇಬಿನ ಮೂಲೆಗೆ ಹೊಡೆಯುವ ಪುಟ್ಟ ಲೋಹದ ರಿವಿಟ್ಟು ಕೂರಿಸುತ್ತಿದ್ದ. ಹತ್ತಿರ ಹಿಡಿದು ನೋಡಿದರೂ ಮೋಸ ಗೊತ್ತಾಗುತ್ತಿರಲಿಲ್ಲ.

ಆ ಸಾಲಿನಲ್ಲಿ ಒಂದು ಹಸಿರು ಕಾರು. ಎಳೆ ಹಸಿರು ಪ್ಲಾಸ್ಟಿಕ್ಕು, ಹಿಂದೆ ಮೀನಿನ ಈಜುರೆಕ್ಕೆಯಂಥ ಎರಡು ಏಣು. ಅದರ ಕತೆ ಪೀಣ್ಯದ್ದು.

ಆಗ ಅವನೂ ಹೆಂಡತಿ ಪಾಲಮ್ಮನೂ ಒಂದೇ ಗಾರ್ಮೆಂಟಿನಲ್ಲಿದ್ದರು. ಅವಳು ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಒಂದೂವರೆ ವರ್ಷದ ಮಗಳು ಮಂಜುಳಳನ್ನು ಅಮರಾಪುರದಲ್ಲಿ ಅಜ್ಜಿ ಕದಿರಮ್ಮನ ಮಡಿಲಿಗೆ ಹಾಕಿ ಬಂದಿದ್ದರು. ಶೀಟಿನ ಒಂಟಿ ಕೋಣೆ, ಇಬ್ಬರಿಗೂ ಪಾಳಿ, ಮಗುವನ್ನು ನೋಡಿಕೊಳ್ಳುವವರು ಯಾರು? ಮಗಳಿಗೆ ಮೂರು ತುಂಬಿದಾಗ ಅವಳಿಗೆಂದೇ ಜುಂಜಣ್ಣ ಸಂತೆಯಿಂದ ಆ ಕಾರು ತಂದ. ಅವನು ಕಟ್ಟಿದ ಮೊದಲ ಕಾರು ಅದು. ಮೇಲಿನ ಮುಚ್ಚಳ ಬಿಸಿಲಿಗೆ ಸೊಟ್ಟಗಾಗಿ ಕೂರಲೊಲ್ಲದು. ಗೋಂದು ಹಚ್ಚಿ, "ಒತ್ತಿ ಹಿಡ್ಕಮ್ಮಿ" ಎಂದ.

"ಎಷ್ಟೊತ್ತು ಒತ್ಲಿ?"

"ನಾನು ಬಿಡು ಅನ್ನಗಂಟ."

ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು. ಜುಂಜಣ್ಣ ಬಿಂದಿಗೆ ಹಿಡಿದು ಓಡಿದ. ಸಾಲಿನಲ್ಲಿ ಜಗಳವಾಯಿತು, ಜಗಳ ಬಿಡಿಸಿದ, ಎರಡು ಬಿಂದಿಗೆ ಹೊತ್ತು ಮುಕ್ಕಾಲು ಗಂಟೆ ಬಿಟ್ಟು ಬಂದ. ಪಾಲಮ್ಮ ಕೂತಲ್ಲೇ ಕೂತಿದ್ದಾಳೆ, ಹೆಬ್ಬೆರಳು ಕಾರಿನ ಮೇಲೆ.

"ಅಯ್ಯೋ, ಇನ್ನೂ ಬಿಟ್ಟಿಲ್ವೇನೆ?"

"ನೀನು ಬಿಡು ಅನ್ಲಿಲ್ವಲ್ಲ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆರಳೆತ್ತಿದರೆ, ಗೋಂದಿಗೆ ಮೆತ್ತಗಾಗಿದ್ದ ಪ್ಲಾಸ್ಟಿಕ್ಕಿನಲ್ಲಿ ಹೆಬ್ಬೆರಳು ಗೆರೆಗೆರೆಯಾಗಿ ಇಳಿದಿತ್ತು. ನಡುವೆ ಅಡ್ಡಕ್ಕೊಂದು ಗೀಟು, ಕಾಲರ್ ಮೆಷಿನ್ನಿನ ಸೂಜಿ ಅವಳ ಬೆರಳಿಗೆ ಹೊಕ್ಕು ಬಿಟ್ಟ ಗಾಯದ್ದು. ಪಾಲಮ್ಮನಿಗೆ ನಾಚಿಕೆಯಾಯಿತು. "ಇದನ್ನ ಮಗೀಗೆ ಕೊಡಾದು ಬ್ಯಾಡ. ಕಲೆ ತೆಗ್ದು ಕೊಡಾನ" ಅಂದಳು. ಯುಗಾದಿಗೆ ಕೊಡೋಣ, ದಸರೆಗೆ ಕೊಡೋಣ ಎನ್ನುತ್ತಾ ಮೂರು ವರ್ಷ ಕಳೆಯಿತು. ನಾಲ್ಕನೆಯ ವರ್ಷ ಜ್ವರ ಬಂದು, ಐದೇ ದಿನಕ್ಕೆ ಪಾಲಮ್ಮ ಹೋಗಿಬಿಟ್ಟಳು.

ತಿಥಿಯ ದಿನ ಜುಂಜಣ್ಣ ಆ ಕಾರನ್ನು ಏಳು ವರ್ಷದ ಮಗಳ ಮುಂದೆ ಹಿಡಿದ. "ನಿಮ್ಮವ್ವ ನಿಂಗೆ ಅಂತ ಮಾಡಿದ್ದು ಕಣವ್ವ" ಎನ್ನಬೇಕೆಂದಿದ್ದ. ಮೊದಲಿನ ಎರಡು ಮಾತು ಆಡುವಷ್ಟರಲ್ಲೇ ಹುಡುಗಿ ಕಾರನ್ನು ಕಣ್ಣೆತ್ತಿಯೂ ನೋಡದೆ ತಳ್ಳಿ, "ನಂಗೆ ಬ್ಯಾಡ. ಅವ್ಳು ನನ್ನ ಬಿಟ್ಟೋದ್ಲು" ಎಂದು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದಳು. ಅಂದಿನಿಂದ ಮಗಳ ಮುಂದೆ ಪಾಲಮ್ಮನ ಹೆಸರೆತ್ತಲು ಜುಂಜಣ್ಣನಿಗೆ ನಾಲಿಗೆಯೇ ಹೊರಳಲಿಲ್ಲ. ಅವಳೇ ಒಂದು ದಿನ ಕೇಳುತ್ತಾಳೆ, ಆಗ ಕಾರು ತೋರಿಸಿದರಾಯಿತು ಎಂದುಕೊಂಡ. ಅವಳು ಕೇಳಲಿಲ್ಲ. ಇವನು ಹೇಳಲಿಲ್ಲ. ಇಷ್ಟು ದಡ್ಡತನಕ್ಕೆ ಅವನನ್ನು ಬೈಯೋಣವೆಂದರೆ, ನಮ್ಮಲ್ಲಿ ಅರ್ಧ ಮನೆಗಳು ನಡೆಯುವುದೇ ಹೀಗೆ.

ಅಜ್ಜಿ ತೀರಿಕೊಂಡ ಮೇಲೆ, ಹದಿನಾರರ ಮಂಜುಳ ರಾಯದುರ್ಗಕ್ಕೆ ಬಂದು ಅಪ್ಪನ ಜೊತೆಗೇ ಕಲೆ ತೆಗೆಯುವ ಕೆಲಸಕ್ಕೆ ಸೇರಿದಳು. ಅಪ್ಪನೇ ಗುರು. ಯಾವ ಕಲೆಗೆ ಯಾವ ನೀರು, ಎಷ್ಟು ಉಜ್ಜಬೇಕು, ಎಲ್ಲಿ ಕೈ ಬಿಡಬೇಕು ಎಲ್ಲ ಕಲಿಸಿದ. ಮನೆಯಲ್ಲಿ ಕಾರಿನ ಕೆಲಸಕ್ಕೂ ಅವಳು ಕೈಹಚ್ಚಿದಳು. ಫ್ಯಾಕ್ಟರಿಯಲ್ಲಿ ಕಲೆ ತೆಗೆಯುವ ನೀರು ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ, ಅದಕ್ಕೆ ನೀರು ಹಾಕಿ ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಆಮೇಲೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ಹೊಳಪು ತರಬೇಕು ಎಂಬುದನ್ನೂ ಕಲಿತಳು. ಅಪ್ಪ ಮಗಳು ಎದುರುಬದುರು ಕೂತು ಕೆಲಸ ಮಾಡುವಾಗ ಜುಂಜಣ್ಣನಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ಕಿರಣ್ ಕುಮಾರ್ ಅವರ ಮನೆಗೆ ಬರತೊಡಗಿದ್ದು ಆ ದಿನಗಳಲ್ಲೇ. ರಾಯದುರ್ಗದವನೇ, ಬಳ್ಳಾರಿಯ ಬ್ಯಾಂಕಿನಲ್ಲಿ ಕೆಲಸ. ಹಳೆ ಕಾರುಗಳನ್ನು ಕೂಡಿಡುವ ಗೀಳು. ಮುರಿದ ಕಾರು ತಂದುಕೊಟ್ಟು ರಿಪೇರಿ ಮಾಡಿಸುತ್ತಿದ್ದ, ಜುಂಜಣ್ಣನವನ್ನೂ ಒಂದೊಂದಾಗಿ ಕೊಂಡೊಯ್ಯುತ್ತಿದ್ದ. ಅವನ ಕಣ್ಣು ಮಾತ್ರ ಹಸಿರು ಕಾರಿನ ಮೇಲೆ.

"ಅದನ್ನ ಯಾವಾಗ ಕೊಡ್ತೀರಿ?"

ಮಂಜುಳ ಅಲ್ಲೇ ಕೂತಿದ್ದಳು. ಅವಳ ಮುಂದೆ ಜುಂಜಣ್ಣ ನಿಜ ಹೇಳುವಂತಿರಲಿಲ್ಲ. "ಅದರ ಕೆಲ್ಸ ಬಾಕಿ ಐತೆ ಸಾರ್. ಮ್ಯಾಲೆ ಕಲೆ ಐತೆ, ಹೋಗ್ಬೇಕು" ಎಂದುಬಿಟ್ಟ. ಸುಳ್ಳಿಗೊಂದು ಸಾಕ್ಷಿ ಇರಲೆಂದು ಶರ್ಟಿನ ಜೇಬಿನಲ್ಲಿದ್ದ ಕೆಂಪು ಬಾಣವೊಂದನ್ನು ಹೆಬ್ಬೆರಳ ಗುರುತಿನ ಪಕ್ಕದಲ್ಲಿ ಅಂಟಿಸಿಯೂಬಿಟ್ಟ. ಎರಡು ವರ್ಷ ಕಿರಣ್ ಬಂದಾಗಲೆಲ್ಲ ಅದೇ ಪ್ರಶ್ನೆ, ಅದೇ ಉತ್ತರ. "ಒಂದು ಕಲೆ ತೆಗ್ಯಾಕ ಎರಡು ವರ್ಷ ಬೇಕೇನ್ರಿ? ಅದೂ ನಿಮಗ?" ಎಂದು ಅವನು ನಗುತ್ತಿದ್ದ. ಮಂಜುಳ ನಗುತ್ತಿರಲಿಲ್ಲ. ಅಪ್ಪನ ಎಡಗಣ್ಣಿಗೆ ಪೊರೆ ಬರುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಕಣ್ಣು ಕಾಣದ್ದಕ್ಕೇ ಅಪ್ಪ ಅದನ್ನು ಮುಟ್ಟುತ್ತಿಲ್ಲ, ಹೇಳಿಕೊಳ್ಳಲು ನಾಚಿಕೆ ಎಂದುಕೊಂಡಳು.

ಒಂದು ಶ್ರಾವಣ ಶನಿವಾರ ಜುಂಜಣ್ಣ ನೇಮಕಲ್ಲಿನ ಆಂಜನೇಯನಿಗೆ ಹೋಗಿ ಸಂಜೆ ಬಸ್ಸಿಳಿದು ಬಂದ. ಮಂಜುಳ ಬಾಗಿಲಲ್ಲೇ ಕಾದಿದ್ದಳು. ಕೆಲಸ ಮುಗಿದಾಗ ಫ್ಯಾಕ್ಟರಿಯಲ್ಲಿ ಮಾಡುವಂತೆ ಕಿತ್ತ ಬಾಣವನ್ನು ಮುಂಗೈಗೆ ಅಂಟಿಸಿಕೊಂಡಿದ್ದಳು.

"ಕಣ್ಣು ಮುಚ್ಕ ಅಪ್ಪ."

ಅವನು ಮುಚ್ಚಿದ. ಅಂಗೈಗೆ ಏನೋ ತಣ್ಣಗೆ ಬಂತು. ಕಣ್ಣು ಬಿಟ್ಟರೆ ಹಸಿರು ಕಾರು. ಮೇಲ್ಭಾಗ ನುಣ್ಣಗೆ ಹೊಳೆಯುತ್ತಿತ್ತು. ಬೆಳಕಿಗೆ ತಿರುಗಿಸಿ ನೋಡಿದ, ಬೆರಳಾಡಿಸಿ ನೋಡಿದ. ಏನೂ ಉಳಿದಿರಲಿಲ್ಲ.

"ಯಾರೋ ಕೈ ಬಾರದೋರು ಹೆಬ್ಬೆಟ್ಟು ಒತ್ತವ್ರೆ ಕಣಪ್ಪ. ಎಲ್ಲ ಬ್ಯಾಗ ಹೋತು, ನಡುಮಧ್ಯ ಒಂದು ಗೀಟಿತ್ತು ನೋಡು, ಅದೇ ಹೋಗ್ವಲ್ದು. ಅರ್ಧ ಗಂಟೆ ಉಜ್ಜಿದೆ. ಬಿಡ್ಲಿಲ್ಲ ನಾನು."

ಹನ್ನೆರಡು ವರ್ಷ ಹೊಟ್ಟೆಯೊಳಗಿದ್ದ ಮಾತು ಗಂಟಲಿನ ತನಕ ಬಂತು. ಈಗ ಹೇಳಿದರೆ ಇವಳು ಏನಾಗುತ್ತಾಳೆ? ತಾಯಿ ಬಿಟ್ಟುಹೋದಳೆಂದು ಕೊರಗಿ ಬೆಳೆದವಳು, ತಾಯಿಯ ಬೆರಳನ್ನು ನಾನೇ ಉಜ್ಜಿ ಅಳಿಸಿದೆ ಎಂಬುದನ್ನು ಬದುಕಿಡೀ ಹೊರಬೇಕು. ಅವನಿಗೆ ಅಳು ಬಂತು, ಪೊರೆಯ ಕಣ್ಣನ್ನು ಉಜ್ಜಿಕೊಂಡ. "ಚೆಂದಾಗಿ ತೆಗ್ದಿದ್ದೀಯ ಕಣವ್ವ. ನಂಗೂ ಇಷ್ಟು ಚೆಂದ ಬರ್ತಿರಲಿಲ್ಲ" ಎಂದ. ಮಗಳ ಮುಖ ಅರಳಿತು. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ, ದೇವಸ್ಥಾನದಲ್ಲಿ ಪ್ರಸಾದ ಜಾಸ್ತಿ ತಿಂದೆ ಎಂದ.

ಮರುದಿನ ಕಿರಣ್ ಕುಮಾರ್ ಬಂದ. ಮಂಜುಳಳೇ ಕಾರನ್ನು ಅವನ ಮುಂದಿಟ್ಟಳು.

"ಅಬ್ಬಾ! ಮುಗೀತೇನ್ರಿ ಕೆಲಸ? ಈಗಾದ್ರೂ ಕೊಡ್ತೀರಲ್ಲ?"

ಮಂಜುಳ ಅಪ್ಪನ ಮುಖ ನೋಡಿದಳು. ಎರಡು ವರ್ಷ ಹೇಳಿದ ಕಾರಣವೇ ಈಗ ಇಲ್ಲ. ಹೊಸ ಕಾರಣ ಹೇಳಿದರೆ ಅವಳು ಯಾಕೆ ಎನ್ನುತ್ತಾಳೆ, ಯಾಕೆ ಎಂದು ಕೇಳಿದರೆ ಮಾತು ಬಾಯಿಂದ ಬಿದ್ದೇಬಿಡುತ್ತದೆ. "ತಗಂಡೋಗಿ ಸಾರ್" ಎಂದ ಜುಂಜಣ್ಣ.

ಕಿರಣ್ ಕಾರನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯೊಳಗಿಟ್ಟು, ಜೇಬಿನಿಂದ ಸಣ್ಣ ಚೀಟಿ ತೆಗೆದ. ತನ್ನ ಬಳಿಯಿರುವ ಪ್ರತಿ ಕಾರಿನ ಜೊತೆಗೂ ಮೊದಲು ಕಟ್ಟಿದವರ, ಆಮೇಲೆ ಸರಿಪಡಿಸಿದವರ ಹೆಸರು ಬರೆದಿಡುವುದು ಅವನ ಪದ್ಧತಿ.

"ಮೊದಲು ಕಟ್ಟಿದವ್ರು ಯಾರು ಅಂತ ಬರೀಲ್ರಿ?"

"ಯಾರೋ ಗೊತ್ತಿಲ್ಲ ಸಾರ್. ಸಂತೇಲಿ ಸಿಕ್ಕಿದ್ದು" ಎಂದ ಜುಂಜಣ್ಣ. ಆಮೇಲೆ, "ರಿಪೇರಿ ಮಾಡ್ದೋಳು ನಮ್ಮ ಮಂಜುಳ ಅಂತ ಬರ್ಕಳ್ಳಿ" ಎಂದ.

ಮಂಜುಳ ನಾಚುತ್ತಾ ಹತ್ತಿರ ಬಂದು ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಿದಳು. ಕಿರಣ್ ಬರೆದುಕೊಂಡ. ಪಾಲಮ್ಮನ ಹೆಸರು ಬರಬೇಕಿದ್ದ ಮೊದಲ ಸಾಲಿನಲ್ಲಿ ಒಂದು ಅಡ್ಡಗೆರೆ ಎಳೆದು, ಚೀಟಿ ಮಡಚಿ ಡಬ್ಬಿಗೆ ಹಾಕಿದ.